‘ಬಯೋಸ್ ಸಿಗಲಿಲ್ಲ’ ಅಂದರೆ ಸಿಗದೇ ಇದ್ದದ್ದು ಏನು?

“ಮಾಮಾ, ಬಯೋಸ್ ಇಲ್ಲ ಅಂತೈತಿ. ಏನ್ ಮಾಡ್ಲಿ?”

ಗದಗಿನಿಂದ ಅಕ್ಕನ ಮಗನ ಫೋನು. ಅಟ್ಟದ ಮೇಲಿನ ಟ್ರಂಕು ಇಳಿಸುವಾಗ ಅವನಿಗೆ ಅವರಪ್ಪನ ಹಳೇ ಪ್ಲೇಸ್ಟೇಷನ್ 2, ಅಂದರೆ ಟಿವಿಗೆ ಜೋಡಿಸಿ ಆಡುವ ಸೋನಿ ಕಂಪನಿಯ ಗೇಮ್ ಮಷೀನು, ಸಿಕ್ಕಿತ್ತು. ಕರೆಂಟ್ ಕೊಟ್ಟರೆ ಆನ್ ಆಗುತ್ತದೆ, ಆದರೆ ಲೆನ್ಸ್ ಸೋತಿದೆ. ಡಿಸ್ಕ್ ಹಾಕಿದರೆ ಗರಗರ ಸದ್ದು ಮಾಡಿ ಸುಮ್ಮನಾಗುತ್ತದೆ. ಹುಡುಗ ಜಾಣ. ಲ್ಯಾಪ್‌ಟಾಪಿಗೆ ಎಮ್ಯುಲೇಟರ್ ಹಾಕಿಕೊಂಡು ಅದೇ ಡಿಸ್ಕನ್ನು ಅದರಲ್ಲಿ ಓಡಿಸಲು ಹೋಗಿದ್ದಾನೆ. ಅಲ್ಲಿ ಈ ಸಂದೇಶ ಬಂದಿದೆ.

ಇದೇ ಪ್ರಶ್ನೆಯನ್ನು ಈಚೆಗೆ ತುಂಬಾ ಜನ ಕೇಳುತ್ತಿದ್ದಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಹಳೇ ಗೇಮ್ ಆಡಿಸುವ ಆ್ಯಪ್‌ಗಳು ಮೊದಲಿನಿಂದಲೂ ಇದ್ದವು. 2024ರ ಏಪ್ರಿಲ್‌ನಲ್ಲಿ ಆಪಲ್ ಕೂಡ ಐಫೋನಿನ ಆ್ಯಪ್ ಅಂಗಡಿಯಲ್ಲಿ ಅವಕ್ಕೆ ಜಾಗ ಕೊಟ್ಟಿತು. ಅಂಗೈಯಗಲದ ‘ರೆಟ್ರೋ’ ಗೇಮ್ ಪೆಟ್ಟಿಗೆಗಳು ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಚಿಕ್ಕವರಿದ್ದಾಗ ಪಾರ್ಲರಿನಲ್ಲಿ ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟು ಆಡಿದವರಿಗೆ ಈಗ ಮಕ್ಕಳಿದ್ದಾರೆ. ಅವರೆಲ್ಲ ಬಂದು ನಿಲ್ಲುವುದು ಈ ಒಂದೇ ಬಾಗಿಲಿಗೆ: ಬಯೋಸ್ ಫೈಲ್ ಎಲ್ಲಿ?

ಮೊದಲು, ಎಮ್ಯುಲೇಟರ್

ನಮ್ಮ ಕಡೆ ದೊಡ್ಡಾಟ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಹಗಲು ಕಿರಾಣಿ ಅಂಗಡಿಯಲ್ಲಿ ಬೆಲ್ಲ ತೂಗುವವರು ರಾತ್ರಿ ಕಿರೀಟ, ಭುಜಕೀರ್ತಿ ಕಟ್ಟಿಕೊಂಡು ದುರ್ಯೋಧನ ಆಗುತ್ತಾರೆ. ಎದುರಿಗೆ ನಿಂತ ಭೀಮನಿಗೆ ಆ ಹೊತ್ತಿನಲ್ಲಿ ಕಾಣುವುದು ದುರ್ಯೋಧನ ಮಾತ್ರ. ಎಮ್ಯುಲೇಟರ್ ಅನ್ನುವುದೂ ಅಂಥದ್ದೊಂದು ವೇಷ. ನಿಮ್ಮ ಲ್ಯಾಪ್‌ಟಾಪ್ ಅಥವಾ ಫೋನು ಪ್ಲೇಸ್ಟೇಷನ್ನಿನ ವೇಷ ಹಾಕಿಕೊಳ್ಳುತ್ತದೆ. ಗೇಮ್ ಕೇಳಿದ್ದಕ್ಕೆಲ್ಲ ಪ್ಲೇಸ್ಟೇಷನ್ ಕೊಡುವ ಉತ್ತರವನ್ನೇ ಕೊಡುತ್ತದೆ. ತಾನು ಬೇರೆ ಕಡೆ ಓಡುತ್ತಿದ್ದೇನೆ ಅಂತ ಗೇಮಿಗೆ ಗೊತ್ತೇ ಆಗುವುದಿಲ್ಲ.

ವೇಷ ಸರಿಯಾಗಬೇಕು ಅಂದರೆ ಆ ಮಷೀನಿನ ಒಂದೊಂದು ಭಾಗವನ್ನೂ ನಟಿಸಬೇಕು. ಪ್ರೊಸೆಸರ್, ಚಿತ್ರ ಮೂಡಿಸುವ ಚಿಪ್, ಸದ್ದಿನ ಚಿಪ್, ಡಿಸ್ಕ್ ಓದುವ ಡ್ರೈವ್. ಇವೆಲ್ಲ ಹೇಗೆ ವರ್ತಿಸುತ್ತವೆ ಅಂತ ನೋಡಿ ನೋಡಿ, ಎಮ್ಯುಲೇಟರ್ ಬರೆಯುವವರು ತಮ್ಮದೇ ಕೋಡ್ ಬರೆಯುತ್ತಾರೆ. ಆದರೆ ಮಷೀನಿನೊಳಗೆ ಇನ್ನೊಂದು ಚಿಪ್ ಇದೆ. ಅದರ ಒಳಗೆ ಆ ಕಂಪನಿಯವರೇ ಬರೆದ ಒಂದು ಪ್ರೋಗ್ರಾಮ್ ಅಚ್ಚಾಗಿ ಕೂತಿದೆ. ಆ ಪ್ರೋಗ್ರಾಮೇ ಬಯೋಸ್. ಆ ಚಿಪ್‌ನಿಂದ ಅದನ್ನು ಇದ್ದಹಾಗೆ ಓದಿ ಒಂದು ಫೈಲ್ ಮಾಡಿ ಇಟ್ಟರೆ ಅದು ಬಯೋಸ್ ಫೈಲ್.

ಎರಡು ತಪ್ಪು ತಿಳಿವಳಿಕೆ ಇಲ್ಲೇ ಬಿಟ್ಟುಹೋಗಲಿ. ಬಯೋಸ್ ಫೈಲ್ ಗೇಮ್ ಅಲ್ಲ. ಅದು ಎಮ್ಯುಲೇಟರಿನ ಭಾಗವೂ ಅಲ್ಲ. ಅದು ಹಳೇ ಮಷೀನಿನದೇ ಒಂದು ತುಂಡು.

ಸ್ವಿಚ್ ಒತ್ತಿದ ಮೇಲೆ ಏನಾಗುತ್ತದೆ

1994ರ ಡಿಸೆಂಬರ್‌ನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೊದಲ ಪ್ಲೇಸ್ಟೇಷನ್ನನ್ನೇ ತೆಗೆದುಕೊಳ್ಳೋಣ. ಅದರಲ್ಲಿ ಇದ್ದದ್ದು 2 ಎಂಬಿ ಮುಖ್ಯ ಮೆಮೊರಿ. ಕರೆಂಟ್ ಹೋದರೆ ಅದು ಪೂರ್ತಿ ಖಾಲಿ. ಹಾಗಾಗಿ ಸ್ವಿಚ್ ಒತ್ತಿದಾಗ ಪ್ರೊಸೆಸರಿಗೆ ಏನೂ ಗೊತ್ತಿರುವುದಿಲ್ಲ. ಡಿಸ್ಕ್ ಅಂದರೇನು, ಟಿವಿ ಅಂದರೇನು, ಯಾವುದೂ ಇಲ್ಲ. ಅದಕ್ಕೆ ಹುಟ್ಟಿನಿಂದ ಬಂದದ್ದು ಒಂದೇ ಅಭ್ಯಾಸ. ಕರೆಂಟ್ ಬಂದ ಕೂಡಲೇ ಒಂದು ಗೊತ್ತಾದ ವಿಳಾಸಕ್ಕೆ ಹೋಗಿ, ಅಲ್ಲಿ ಬರೆದಿರುವ ಮೊದಲ ಆದೇಶವನ್ನು ಓದುವುದು. ಆ ವಿಳಾಸದಲ್ಲಿ ಕೂತಿರುವುದೇ ಬಯೋಸ್ ಚಿಪ್.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬೆಳಿಗ್ಗೆ ಅಂಗಡಿ ತೆರೆಯುವುದನ್ನು ನೋಡಿದ್ದೀರಲ್ವಾ? ಮಾಲೀಕರು ಬರುವ ಮೊದಲೇ ಒಬ್ಬ ಹುಡುಗ ಬಂದು ಶಟರ್ ಎತ್ತುತ್ತಾನೆ. ಕಸ ಗುಡಿಸುತ್ತಾನೆ, ನೀರು ಹೊಡೆಯುತ್ತಾನೆ, ತಕ್ಕಡಿ ಒರೆಸಿ ಇಡುತ್ತಾನೆ. ಆಮೇಲೆ ಮಾಲೀಕರು ಗಲ್ಲಾಪೆಟ್ಟಿಗೆ ಮುಂದೆ ಕೂರುತ್ತಾರೆ. ಬಯೋಸ್ ಆ ಹುಡುಗನ ಕೆಲಸ ಮಾಡುತ್ತದೆ. ಮೆಮೊರಿಯನ್ನು ಸಜ್ಜು ಮಾಡುತ್ತದೆ. ಚಿತ್ರದ ಚಿಪ್ಪನ್ನೂ ಸದ್ದಿನ ಚಿಪ್ಪನ್ನೂ ಎಬ್ಬಿಸುತ್ತದೆ. ಬಿಳಿ ಪರದೆಯ ಮೇಲೆ ಸೋನಿಯ ಚಿಹ್ನೆ ಮೂಡಿಸಿ, ಆ ಗಂಭೀರ ಸದ್ದು ಹೊರಡಿಸುತ್ತದೆ. ಆ ಬಿಳಿ ಪರದೆ ಯಾವ ಡಿಸ್ಕಿನಲ್ಲೂ ಇಲ್ಲ. ಅದು ಬಯೋಸಿನೊಳಗೇ ಇದೆ. ಡಿಸ್ಕ್ ಇಲ್ಲದೆ ಆನ್ ಮಾಡಿದರೆ ಮೆಮೊರಿ ಕಾರ್ಡ್ ತೋರಿಸುವ, ಹಾಡಿನ ಸೀಡಿ ಕೇಳಿಸುವ ಒಂದು ಪುಟ ಬರುತ್ತದೆ. ಅದೂ ಬಯೋಸಿನದೇ.

ಮುಂದೆ ಬಯೋಸ್ ಡಿಸ್ಕನ್ನು ತಿರುಗಿಸಿ ಅದರಲ್ಲಿ ಒಂದು ಚಿಕ್ಕ ಚೀಟಿ ಹುಡುಕುತ್ತದೆ. ಚೀಟಿ ಅಂದರೆ ಒಂದು ಪುಟ್ಟ ಫೈಲು. ‘ಈ ಡಿಸ್ಕಿನಲ್ಲಿ ಮೊದಲು ಓಡಿಸಬೇಕಾದ ಫೈಲ್ ಇದು’ ಅಂತ ಅದರಲ್ಲಿ ಬರೆದಿರುತ್ತದೆ. ಆ ಫೈಲನ್ನು ಮೆಮೊರಿಗೆ ತುಂಬಿ, ಬಯೋಸ್ ಗೇಮಿಗೆ ಜಾಗ ಬಿಟ್ಟುಕೊಡುತ್ತದೆ.

ಕ್ಯಾಸೆಟ್ಟಿಗೆ ಬೇಡ, ಸೀಡಿಗೆ ಬೇಕು. ಯಾಕೆ?

ಟಿವಿಗೆ ಜೋಡಿಸುತ್ತಿದ್ದ ಹಳೇ ವಿಡಿಯೋ ಗೇಮ್ ನೆನಪಿದೆಯಾ? ಕ್ಯಾಸೆಟ್ ತೆಗೆದು ಉಫ್ ಅಂತ ಊದಿ ಮತ್ತೆ ಹಾಕುತ್ತಿದ್ದೆವು. ನಮ್ಮ ಪೇಟೆಗೆ ಬರುತ್ತಿದ್ದ ಅಂಥ ಹೆಚ್ಚಿನ ಮಷೀನುಗಳು 1983ರಲ್ಲಿ ಜಪಾನಿನಲ್ಲಿ ನಿಂಟೆಂಡೊ ತಂದ ಫ್ಯಾಮಿಕಾಮ್‌ನ ನಕಲುಗಳು. ಆ ಗೇಮುಗಳ ಎಮ್ಯುಲೇಟರ್ ಬಯೋಸ್ ಕೇಳುವುದೇ ಇಲ್ಲ.

ಕಾರಣ ಸರಳ. ಕ್ಯಾಸೆಟ್ಟಿನೊಳಗೆ ಇರುವುದೂ ಚಿಪ್ಪೇ. ಅದನ್ನು ಸಿಕ್ಕಿಸಿದ ಕೂಡಲೇ ಅದರ ತಂತಿಗಳು ನೇರವಾಗಿ ಪ್ರೊಸೆಸರಿಗೆ ತಾಗುತ್ತವೆ. ಪ್ರೊಸೆಸರ್ ತನ್ನ ಮೊದಲ ಆದೇಶವನ್ನು ಕ್ಯಾಸೆಟ್ಟಿನಿಂದಲೇ ಓದುತ್ತದೆ. ನಡುವೆ ಯಾರೂ ಬೇಕಿಲ್ಲ.

ಸೀಡಿ ಹಾಗಲ್ಲ. ಅದನ್ನು ತಿರುಗಿಸಬೇಕು, ಲೇಸರ್ ಬೀಳಿಸಬೇಕು, ಎಲ್ಲಿಂದ ಓದಬೇಕು ಅಂತ ಹೇಳಬೇಕು. ಇದನ್ನೆಲ್ಲ ಮಾಡಲು ಒಂದು ಪ್ರೋಗ್ರಾಮ್ ಬೇಕು. ಆ ಪ್ರೋಗ್ರಾಮನ್ನು ಸೀಡಿಯಲ್ಲೇ ಇಟ್ಟರೆ ಅದನ್ನು ಓದುವವರು ಯಾರು? ಬೀಗದ ಕೈಯನ್ನು ಬೀಗ ಹಾಕಿದ ತಿಜೋರಿಯೊಳಗೇ ಇಟ್ಟಂತಾಯಿತು. ಅದಕ್ಕೇ ಅದು ಮಷೀನಿನೊಳಗೆ ಇರಲೇಬೇಕು. ಡಿಸ್ಕ್ ಓದುವ ಮಷೀನುಗಳಾದ ಪ್ಲೇಸ್ಟೇಷನ್, ಸೆಗಾ ಸ್ಯಾಟರ್ನ್, ಡ್ರೀಮ್‌ಕಾಸ್ಟ್, ಪ್ಲೇಸ್ಟೇಷನ್ 2, ಇವುಗಳ ವಿಷಯಕ್ಕೆ ಬಂದಾಗಲೇ ಬಯೋಸ್ ಮಾತು ಜಾಸ್ತಿ ಕೇಳಿಬರುವುದು ಇದೇ ಕಾರಣಕ್ಕೆ. ಕ್ಯಾಸೆಟ್ಟಿನ ಫ್ಯಾಮಿಕಾಮ್‌ಗೆ ಜಪಾನಿನಲ್ಲಿ ಒಂದು ಡಿಸ್ಕ್ ಡ್ರೈವ್ ಬಂತು. ಆ ಡ್ರೈವಿಗೆ ಮಾತ್ರ 8 ಕೆಬಿಯ ಬಯೋಸ್ ಇತ್ತು!

ಮದುವೆ ಮನೆಯ ಅಡುಗೆಯವರು

ಹಾಗಾದರೆ ಶುರು ಮಾಡಿಕೊಟ್ಟ ಮೇಲೆ ಬಯೋಸಿನ ಕೆಲಸ ಮುಗಿಯಿತಲ್ಲ, ಎಮ್ಯುಲೇಟರೇ ಗೇಮನ್ನು ನೇರವಾಗಿ ಶುರು ಮಾಡಬಾರದೇ? ಅಕ್ಕನ ಮಗ ಕೇಳಿದ್ದೂ ಇದನ್ನೇ. ಒಳ್ಳೆಯ ಪ್ರಶ್ನೆ. ಇಲ್ಲೇ ವಿಷಯದ ತಿರುಳು ಇದೆ.

ಮದುವೆಗೆ ಅಡುಗೆಯವರನ್ನು ಕರೆಸುತ್ತೀರಿ. ಹುಗ್ಗಿ ಹೇಗೆ ಮಾಡಬೇಕು, ಎಣ್ಣೆಗಾಯಿಗೆ ಏನು ತುಂಬಬೇಕು ಅಂತ ಅವರಿಗೆ ಚೆನ್ನಾಗಿ ಗೊತ್ತು. ಆದರೆ ಮನೆ ನಿಮ್ಮದು. “ಅಕ್ಕಾರ, ದೊಡ್ಡ ಪಾತೇಲಿ ಕೊಡ್ರಿ”, “ನೀರು ಎಲ್ಲಿಂದ ತರೂದ್ರಿ?” ಅಂತ ಹೊತ್ತುಹೊತ್ತಿಗೆ ಕೂಗುತ್ತಿರುತ್ತಾರೆ. ಮನೆಯಲ್ಲಿ ಎಲ್ಲಾ ಬಲ್ಲ ಒಬ್ಬರು ಆ ಕೂಗಿಗೆ ಓಗೊಡುತ್ತಾ ಓಡಾಡುತ್ತಿರುತ್ತಾರೆ. ಅವರಿಲ್ಲದಿದ್ದರೆ ಅಡುಗೆ ನಿಂತೇ ಹೋಗುತ್ತದೆ.

ಗೇಮ್ ಅಂದರೆ ಆ ಅಡುಗೆಯವರು. ಬಯೋಸ್ ಅಂದರೆ ಮನೆ ಬಲ್ಲವರು. ಪ್ಲೇಸ್ಟೇಷನ್ನಿನ ಬಯೋಸಿನಲ್ಲಿ ನೂರಾರು ಚಿಕ್ಕ ಚಿಕ್ಕ ಕೆಲಸಗಳ ಪಟ್ಟಿ ಇದೆ. ಒಂದೊಂದಕ್ಕೂ ಒಂದು ನಂಬರು. ಮೆಮೊರಿ ಕಾರ್ಡಿನಿಂದ ಓದು, ಕಾರ್ಡಿಗೆ ಬರೆ, ಇಷ್ಟು ಮೆಮೊರಿ ಬಿಡಿಸಿಕೊಡು, ಈ ಫೈಲ್ ತೆಗೆ. ಗೇಮ್ ಬರೆದವರು ಈ ಕೆಲಸಗಳಿಗೆ ಮತ್ತೆ ಕೋಡ್ ಬರೆಯಲಿಲ್ಲ. ಬಯೋಸಿಗೆ ನಂಬರ್ ಹೇಳಿ ಮಾಡಿಸಿಕೊಂಡರು. ಹಾಗಾಗಿ ಆಟದ ನಟ್ಟನಡುವೆಯೂ, ನೀವು ‘ಸೇವ್’ ಒತ್ತಿದಾಗಲೂ, ಗೇಮ್ ಬಯೋಸನ್ನು ಕರೆಯುತ್ತಲೇ ಇರುತ್ತದೆ. ಕರೆದರೆ ಓಗೊಡುವವರು ಇಲ್ಲದಿದ್ದರೆ ಆಟ ಅಲ್ಲೇ ಕಲ್ಲಾಗುತ್ತದೆ.

ಎಷ್ಟು ದೊಡ್ಡ ಫೈಲ್?

ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದು. ಮೊದಲ ಪ್ಲೇಸ್ಟೇಷನ್ನಿನ ಬಯೋಸ್ 512 ಕೆಬಿ. ವಾಟ್ಸಾಪಿನಲ್ಲಿ ಬರುವ ಮದುವೆ ಕಾರ್ಡಿನ ಚಿತ್ರವೂ ಒಮ್ಮೊಮ್ಮೆ ಅದಕ್ಕಿಂತ ದೊಡ್ಡದಿರುತ್ತದೆ. ಸೆಗಾ ಸ್ಯಾಟರ್ನಿನದೂ 512 ಕೆಬಿ. ಡ್ರೀಮ್‌ಕಾಸ್ಟಿನದು 2 ಎಂಬಿ. ಪ್ಲೇಸ್ಟೇಷನ್ 2ರದು 4 ಎಂಬಿ. ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊದ ಗೇಮ್‌ಬಾಯ್ ಅಡ್ವಾನ್ಸಿನದು 16 ಕೆಬಿ.

ಎಲ್ಲಕ್ಕಿಂತ ಚಿಕ್ಕದರ ಕತೆ ನನಗೆ ತುಂಬಾ ಇಷ್ಟ. ಮೊದಲ ಗೇಮ್‌ಬಾಯ್‌ನ ಶುರುವಿನ ಪ್ರೋಗ್ರಾಮ್ ಬರೀ 256 ಬೈಟ್. ಕಂಪ್ಯೂಟರಿನಲ್ಲಿ ಕನ್ನಡದಲ್ಲಿ ‘ಧಾರವಾಡ’ ಅಂತ 14 ಸಲ ಟೈಪ್ ಮಾಡಿದರೆ 252 ಬೈಟ್ ಆಗುತ್ತದೆ. ಅಷ್ಟೇ ಜಾಗ. ಅಷ್ಟರಲ್ಲಿ ಅದು ನಿಂಟೆಂಡೊ ಹೆಸರನ್ನು ಪರದೆಯ ಮೇಲಿಂದ ಕೆಳಗೆ ಇಳಿಸಿ ‘ಟಿಂಗ್’ ಅನ್ನುತ್ತದೆ. ಕ್ಯಾಸೆಟ್ಟಿನಲ್ಲಿರುವ ಹೆಸರಿನ ಚಿತ್ರ ತನ್ನಲ್ಲಿರುವುದಕ್ಕೆ ಹೊಂದುತ್ತದೆಯೇ ಅಂತ ತಾಳೆ ನೋಡುತ್ತದೆ. ಹೊಂದದಿದ್ದರೆ ಅಲ್ಲೇ ನಿಂತುಬಿಡುತ್ತದೆ. ಹೊಂದಿದರೆ ಗೇಮಿಗೆ ದಾರಿ ಬಿಟ್ಟು, ಮತ್ತೆ ಯಾರೂ ಓದದ ಹಾಗೆ ತನ್ನನ್ನೇ ಮರೆ ಮಾಡಿಕೊಳ್ಳುತ್ತದೆ. ಮರೆಯಾದದ್ದನ್ನು ಓದುವುದು ಹೇಗೆ? 2003ರಲ್ಲಿ ಒಬ್ಬ ಹವ್ಯಾಸಿ ಆ ಚಿಪ್ಪಿನ ಹೊರಕವಚ ತೆಗೆದು, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು, 2048 ಬಿಟ್‌ಗಳನ್ನೂ ಕಣ್ಣಿನಿಂದಲೇ ನೋಡಿ ಬರೆದುಕೊಂಡ. ಒಂದೊಂದೇ ಸೊನ್ನೆ, ಒಂದೊಂದೇ ಒಂದು. ಶಾಸನ ಓದುವವರ ತಾಳ್ಮೆ ಅದು.

ಕೆಲವು ಎಮ್ಯುಲೇಟರ್ ಬಯೋಸ್ ಕೇಳುವುದೇ ಇಲ್ಲವಲ್ಲ?

ನಿಜ. ಮದುವೆ ಮನೆಗೆ ಮತ್ತೆ ಹೋಗೋಣ. ಮನೆ ಬಲ್ಲವರು ಊರಲ್ಲಿ ಇಲ್ಲ. ಆಗ ಪಕ್ಕದ ಮನೆಯವರು ಬಂದು ನಿಲ್ಲುತ್ತಾರೆ. ಅಡುಗೆಯವರು “ಪಾತೇಲಿ ಕೊಡ್ರಿ” ಅಂದರೆ ತಮ್ಮ ಮನೆಯ ಪಾತೇಲಿ ತಂದುಕೊಡುತ್ತಾರೆ. ಕೆಲಸ ಸಾಗುತ್ತದೆ. ಕೆಲವು ಎಮ್ಯುಲೇಟರ್‌ಗಳು ಹೀಗೇ ಮಾಡುತ್ತವೆ. ಗೇಮ್ ಬಯೋಸನ್ನು ಕರೆದ ಕೂಡಲೇ ಅದನ್ನು ಹಿಡಿದು, ಆ ಕೆಲಸವನ್ನು ತಾವೇ ಬರೆದ ಕೋಡಿನಿಂದ ಮಾಡಿಕೊಡುತ್ತವೆ. ಸೋನಿಯದೇ ಕೈಯಲ್ಲಿ ಹಿಡಿದು ಆಡುವ ಮಷೀನಾದ ಪಿಎಸ್‌ಪಿಯ ಗೇಮುಗಳನ್ನು ಓಡಿಸುವ ಪಿಪಿಎಸ್‌ಎಸ್‌ಪಿಪಿ ಬಯೋಸ್ ಕೇಳದಿರುವುದು ಇದಕ್ಕೇ. ಗೇಮ್‌ಬಾಯ್ ಅಡ್ವಾನ್ಸಿನ ಎಂಜಿಬಿಎ ಕೂಡ ತನ್ನದೇ ಬದಲಿ ಇಟ್ಟುಕೊಂಡಿದೆ.

ಆದರೆ ಪಕ್ಕದ ಮನೆಯವರಿಗೆ ಈ ಮನೆಯ ಎಲ್ಲ ಸಂದುಗೊಂದು ಗೊತ್ತಿರುವುದಿಲ್ಲ. ಕೆಲವು ಗೇಮುಗಳು ಬಯೋಸಿನ ವಿಚಿತ್ರ ಅಭ್ಯಾಸಗಳನ್ನೂ ನಂಬಿಕೊಂಡು ಬರೆದಂಥವು. ಬದಲಿ ಬಯೋಸಿನಲ್ಲಿ ಅವು ಎಡವುತ್ತವೆ. ಸೇವ್ ಆಗುವುದಿಲ್ಲ, ನಡುವೆ ನಿಲ್ಲುತ್ತವೆ. ಅದಕ್ಕೇ ಪ್ಲೇಸ್ಟೇಷನ್ 2ರ ಪಿಸಿಎಸ್‌ಎಕ್ಸ್2, ಮೊದಲ ಪ್ಲೇಸ್ಟೇಷನ್ನಿನ ಡಕ್‌ಸ್ಟೇಷನ್, ಇವು ಅಸಲಿ ಬಯೋಸೇ ಬೇಕು ಅನ್ನುತ್ತವೆ.

ಇದು ಯಾರ ಸ್ವತ್ತು?

ಎಮ್ಯುಲೇಟರ್ ಬರೆದವರು ಬಯೋಸನ್ನೂ ಜೊತೆಗೇ ಕೊಟ್ಟುಬಿಟ್ಟರೆ ಈ ತಲೆನೋವೇ ಇರುತ್ತಿರಲಿಲ್ಲ. ಅವರು ಕೊಡುವುದಿಲ್ಲ. ಯಾಕೆಂದರೆ ಎಮ್ಯುಲೇಟರ್ ಅವರ ಸ್ವಂತ ಬರಹ. ಬಯೋಸ್ ಕಂಪನಿಯ ಬರಹ.

ಈ ಗೆರೆ ಎಲ್ಲಿದೆ ಅಂತ ಅಮೆರಿಕದ ಒಂದು ಮೊಕದ್ದಮೆಯಲ್ಲಿ ಚೆನ್ನಾಗಿ ಕಾಣುತ್ತದೆ. 1999ರಲ್ಲಿ ಕನೆಕ್ಟಿಕ್ಸ್ ಅನ್ನುವ ಕಂಪನಿ ಪ್ಲೇಸ್ಟೇಷನ್ ಗೇಮುಗಳನ್ನು ಮ್ಯಾಕ್ ಕಂಪ್ಯೂಟರಿನಲ್ಲಿ ಓಡಿಸುವ ಎಮ್ಯುಲೇಟರ್ ಮಾರಾಟಕ್ಕೆ ತಂದಿತು. ಸೋನಿ ಕೋರ್ಟಿಗೆ ಹೋಯಿತು. ಕನೆಕ್ಟಿಕ್ಸ್‌ನವರು ಕೆಲಸ ಮಾಡುವಾಗ ಸೋನಿಯ ಬಯೋಸನ್ನು ನಕಲು ಮಾಡಿಕೊಂಡು, ಅದು ಹೇಗೆ ನಡೆಯುತ್ತದೆ ಅಂತ ಅಭ್ಯಾಸ ಮಾಡಿದ್ದು ನಿಜ. ಆದರೆ ಜನರಿಗೆ ಮಾರಿದ ಪ್ರೋಗ್ರಾಮಿನಲ್ಲಿ ಸೋನಿಯ ಕೋಡ್ ಇರಲಿಲ್ಲ. ಬಯೋಸಿನ ಕೆಲಸವನ್ನು ಅವರು ತಾವೇ ಹೊಸದಾಗಿ ಬರೆದಿದ್ದರು. 2000ದಲ್ಲಿ ಮೇಲ್ಮನವಿ ನ್ಯಾಯಾಲಯ ಕನೆಕ್ಟಿಕ್ಸ್ ಕಡೆಗೆ ತೀರ್ಪು ಕೊಟ್ಟಿತು. ಅಭ್ಯಾಸಕ್ಕಾಗಿ ಮಾಡಿಕೊಂಡ ನಕಲು ತಪ್ಪಲ್ಲ ಅಂದಿತು. ಮರುವರ್ಷ ಸೋನಿ ಆ ಎಮ್ಯುಲೇಟರನ್ನೇ ಕೊಂಡುಕೊಂಡಿತು, ಮಾರಾಟ ನಿಂತಿತು. ಮುಂದೆ 2018ರಲ್ಲಿ ಸೋನಿ ತನ್ನ ಹಳೇ ಗೇಮುಗಳನ್ನು ತುಂಬಿ ‘ಪ್ಲೇಸ್ಟೇಷನ್ ಕ್ಲಾಸಿಕ್’ ಅನ್ನುವ ಪುಟ್ಟ ಪೆಟ್ಟಿಗೆ ತಂದಾಗ, ಒಳಗೆ ಓಡುತ್ತಿದ್ದದ್ದು ಹವ್ಯಾಸಿಗಳು ಬರೆದ ಮುಕ್ತ ಎಮ್ಯುಲೇಟರ್.

ನಮ್ಮಲ್ಲಿ 1957ರ ಕೃತಿಸ್ವಾಮ್ಯ ಕಾಯ್ದೆ ಇದೆ. ಅದರಲ್ಲಿ ಕಂಪ್ಯೂಟರ್ ಪ್ರೋಗ್ರಾಮ್ ಕೂಡ ಸಾಹಿತ್ಯ ಕೃತಿಯ ಸಾಲಿಗೇ ಬರುತ್ತದೆ. ಅದನ್ನು ನಕಲು ಮಾಡಿ ಹಂಚಲು ಮಾಲೀಕರ ಅನುಮತಿ ಬೇಕು. ಕಾಯ್ದೆಯ 52ನೇ ಕಲಮಿನಲ್ಲಿ ಒಂದು ವಿನಾಯಿತಿ ಇದೆ. ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಹೊಂದಿರುವವರು, ಅದು ಹಾಳಾಗಬಹುದು ಅಂತ ಬ್ಯಾಕಪ್ ಮಾಡಿಟ್ಟುಕೊಳ್ಳಬಹುದು, ಯಾವ ಕೆಲಸಕ್ಕೆ ಕೊಟ್ಟಿದ್ದರೋ ಆ ಕೆಲಸಕ್ಕೆ ಮಾತ್ರ. ಇನ್ನೊಬ್ಬರಿಗೆ ಹಂಚಲು ಅದು ಅನುಮತಿ ಅಲ್ಲ. ಇಂಟರ್‌ನೆಟ್ಟಿನಲ್ಲಿ ಯಾರೋ ಏರಿಸಿಟ್ಟ ಬಯೋಸನ್ನು ಇಳಿಸಿಕೊಳ್ಳುವುದಕ್ಕೂ, ನಿಮ್ಮ ಮನೆಯ ಮಷೀನಿನಿಂದ ನೀವೇ ತೆಗೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸ ಇದು. ಎಮ್ಯುಲೇಟರ್ ತಂಡಗಳೂ ‘ನಿಮ್ಮ ಮಷೀನಿನಿಂದಲೇ ತೆಗೆಯಿರಿ’ ಅನ್ನುತ್ತವೆ.

ಪ್ಲೇಸ್ಟೇಷನ್ 3ರ ವಿಷಯ ಸ್ವಲ್ಪ ಬೇರೆ. ಅದರ ಅಪ್‌ಡೇಟ್ ಫೈಲನ್ನು ಸೋನಿ ತನ್ನದೇ ಜಾಲತಾಣದಲ್ಲಿ ಎಲ್ಲರಿಗೂ ಸಿಗುವಂತೆ ಇಟ್ಟಿದೆ. ಆ ಮಷೀನಿನ ಎಮ್ಯುಲೇಟರ್ ಆರ್‌ಪಿಸಿಎಸ್3 ಅಲ್ಲಿಂದಲೇ ತೆಗೆದುಕೊಳ್ಳಿ ಅನ್ನುತ್ತದೆ.

ಡೌನ್‌ಲೋಡ್ ಮಾಡಿ ಕೆಟ್ಟ ಕತೆ

ಅಕ್ಕನ ಮಗ ನನಗೆ ಫೋನ್ ಮಾಡುವ ಮೊದಲೇ ಒಂದು ಕೆಲಸ ಮಾಡಿದ್ದ. ಯಾವುದೋ ಜಾಲತಾಣದಲ್ಲಿ ‘ಬಯೋಸ್ ಫ್ರೀ’ ಅಂತ ಕಂಡದ್ದನ್ನು ಒತ್ತಿದ್ದ. ಬಂದದ್ದು ಇನ್‌ಸ್ಟಾಲ್ ಮಾಡಬೇಕಾದ ಒಂದು ಪ್ರೋಗ್ರಾಮು. ಮಾಡಿದ. ಬಯೋಸ್ ಬರಲಿಲ್ಲ. ಲ್ಯಾಪ್‌ಟಾಪ್ ತುಂಬಾ ಜಾಹೀರಾತು ಬಂತು. ಅದನ್ನೆಲ್ಲ ಕಿತ್ತು ಹಾಕಲು ನಮ್ಮಿಬ್ಬರಿಗೂ ಒಂದು ಭಾನುವಾರ ಪೂರ್ತಿ ಬೇಕಾಯಿತು.

ದಯವಿಟ್ಟು ಇದೊಂದನ್ನು ನೆನಪಿಡಿ. ಬಯೋಸ್ ಫೈಲನ್ನು ಯಾರೂ ಇನ್‌ಸ್ಟಾಲ್ ಮಾಡುವುದಿಲ್ಲ. ಅದರೊಳಗಿರುವುದು ಆ ಹಳೇ ಮಷೀನಿನ ಪ್ರೊಸೆಸರಿಗೆ ಬರೆದ ಆದೇಶಗಳು. ಅದನ್ನು ಒಂದು ಫೋಲ್ಡರಿನಲ್ಲಿ ಸುಮ್ನೆ ಇಡಬೇಕು, ಎಮ್ಯುಲೇಟರ್ ಓದಿಕೊಳ್ಳುತ್ತದೆ. ‘ಇನ್‌ಸ್ಟಾಲ್ ಮಾಡು’ ಅನ್ನುವ, ಆ್ಯಪ್ ರೂಪದಲ್ಲಿ ಬರುವ, ಪಾಸ್‌ವರ್ಡ್ ಕೇಳುವ ಯಾವುದೂ ಬಯೋಸ್ ಅಲ್ಲ.

ನಿಮ್ಮ ಮಷೀನಿನಿಂದ ತೆಗೆಯುವುದು

ಪ್ಲೇಸ್ಟೇಷನ್ 2 ಇದ್ದವರಿಗೆ ದಾರಿ ಸುಲಭ. ಅದರ ಮುಂದೆ ಯುಎಸ್‌ಬಿ ಕಿಂಡಿ ಇದೆ. ಫ್ರೀ ಮ್ಯಾಕ್‌ಬೂಟ್ ಅನ್ನುವ ಹವ್ಯಾಸಿಗಳ ಪ್ರೋಗ್ರಾಮ್ ತುಂಬಿದ ಮೆಮೊರಿ ಕಾರ್ಡ್ ಹಾಕಿದರೆ ಮಷೀನು ಡಿಸ್ಕ್ ಇಲ್ಲದೆಯೂ ಹೊರಗಿನ ಪ್ರೋಗ್ರಾಮ್ ಓಡಿಸುತ್ತದೆ. ಲೆನ್ಸ್ ಸೋತಿದ್ದರೂ ಅಡ್ಡಿಯಿಲ್ಲ. ಬಯೋಸ್ ಓದುವ ಚಿಕ್ಕ ಪ್ರೋಗ್ರಾಮನ್ನು ಪೆನ್‌ಡ್ರೈವಿಗೆ ಹಾಕಿ ಸಿಕ್ಕಿಸಬೇಕು. ಅದು ಚಿಪ್ಪನ್ನು ಓದಿ ಪೆನ್‌ಡ್ರೈವಿಗೇ ಬರೆಯುತ್ತದೆ. ಆ ಕಿಂಡಿ ಹಳೇ ಕಾಲದ ಯುಎಸ್‌ಬಿ, ನಿಧಾನ. ಅವಸರಪಟ್ಟು ಕೀಳಬೇಡಿ. ಕಟ್ಟಕಡೆಗೆ ಬಂದ ತೆಳು ಮಾಡೆಲ್‌ಗಳಲ್ಲಿ ಕೆಲವಕ್ಕೆ ಈ ಕಾರ್ಡಿನ ದಾರಿ ನಡೆಯುವುದಿಲ್ಲ. ಮೊದಲೇ ಹಿಂಬದಿಯ ಮಾಡೆಲ್ ನಂಬರ್ ನೋಡಿಕೊಳ್ಳಿ.

ಫೈಲ್ ಇಟ್ಟ ಮೇಲೂ ‘ಇಲ್ಲ’ ಅಂದರೆ ಹೆಚ್ಚಾಗಿ ತಪ್ಪು ಹೆಸರಿನಲ್ಲಿರುತ್ತದೆ. ಕೆಲವು ಎಮ್ಯುಲೇಟರ್‌ಗಳು ಗೊತ್ತಾದ ಹೆಸರನ್ನೇ ಹುಡುಕುತ್ತವೆ. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರ ಬದಲಾದರೂ ಸಿಗಲಿಲ್ಲ ಅನ್ನುತ್ತವೆ. ಜಿಪ್ ಬಿಚ್ಚದೆ ಇಟ್ಟಿದ್ದರೂ ಹಾಗೇ ಆಗಬಹುದು.

ಆಮೇಲೆ ದೇಶದ ಪ್ರಶ್ನೆ. ಮೊದಲ ಪ್ಲೇಸ್ಟೇಷನ್ನಿನ ಮಾಡೆಲ್ ನಂಬರಿನ ಕೊನೆಯ ಅಂಕಿ 0 ಇದ್ದರೆ ಜಪಾನಿನದು, 1 ಅಮೆರಿಕದ್ದು, 2 ಯುರೋಪಿನದು. ಎಸ್‌ಸಿಪಿಎಚ್ 5500, 5501, 5502 ಹೀಗೆ. ಜಪಾನ್, ಅಮೆರಿಕದ ಟಿವಿಗಳು ಸೆಕೆಂಡಿಗೆ 60 ಸಲ ಚಿತ್ರ ಮೂಡಿಸುವ ಲೆಕ್ಕದವು. ಯುರೋಪು ಮತ್ತು ನಮ್ಮ ದೇಶದ ಹಳೇ ಟಿವಿಗಳು ಪಾಲ್ ಅನ್ನುವ ಪದ್ಧತಿಯವು, 50 ಸಲದ ಲೆಕ್ಕದವು. ಡಿಸ್ಕ್ ಯಾವ ಕಡೆಯದೋ ಬಯೋಸೂ ಆ ಕಡೆಯದಿದ್ದರೆ ತಕರಾರು ಕಡಿಮೆ.

ಫೈಲ್ ಪೂರ್ತಿ ಸರಿಯಿದೆಯೇ ಅಂತ ನೋಡಲು ಮೊದಲು ಅಳತೆ ನೋಡಿ. 512 ಕೆಬಿ ಅಂದರೆ ಸರಿಯಾಗಿ 5,24,288 ಬೈಟ್ ಇರಬೇಕು. ಒಂದು ಬೈಟ್ ಕಡಿಮೆಯಾದರೂ ಓದುವಾಗ ಏನೋ ತಪ್ಪಿದೆ. ಅಳತೆ ಸರಿಯಿದ್ದು ಒಳಗೆ ಕೆಟ್ಟಿರಲೂಬಹುದು. ಅದಕ್ಕೆ ಎಂಡಿ5 ಅನ್ನುವ ಲೆಕ್ಕ ಇದೆ. ಫೈಲಿನ ಎಲ್ಲ ಬೈಟ್‌ಗಳನ್ನೂ ಅರೆದು 32 ಅಕ್ಷರ, ಅಂಕಿಗಳ ಒಂದು ಸಾಲು ಮಾಡುತ್ತದೆ. ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಎಮ್ಯುಲೇಟರಿನವರು ಒಳ್ಳೆಯ ಪ್ರತಿಯ ಗುರುತನ್ನು ಪ್ರಕಟಿಸಿರುತ್ತಾರೆ. ನಿಮ್ಮದು ಅದಕ್ಕೆ ಹೊಂದಿದರೆ ನಿಶ್ಚಿಂತೆ.

ಗದಗಿನಲ್ಲಿ ಸಂಜೆ

ಮೆಮೊರಿ ಕಾರ್ಡ್ ತರಿಸಿಕೊಂಡು ಮುಂದಿನ ವಾರ ನಾನೇ ಗದಗಿಗೆ ಹೋದೆ. ಬಯೋಸ್ ತೆಗೆದೆವು, 4 ಎಂಬಿ, ಸರಿಯಾಗಿತ್ತು. ಭಾವನ ಹಳೇ ಮೆಮೊರಿ ಕಾರ್ಡಿನದೂ ಒಂದು ಪ್ರತಿ ಪೆನ್‌ಡ್ರೈವಿಗೆ ಬಂತು. ಎಮ್ಯುಲೇಟರಿಗೆ ಎರಡನ್ನೂ ಕೊಟ್ಟೆವು. ಮೊದಲು ಅದು ಭಾಷೆ ಯಾವುದು, ಗಂಟೆ ಎಷ್ಟು ಅಂತ ಕೇಳಿತು. ಹೊಸ ಮಷೀನು ಮೊದಲ ಸಲ ಆನ್ ಮಾಡಿದಾಗ ಕೇಳುತ್ತಿದ್ದದ್ದೇ ಇದು, ಕೆಟ್ಟಿದೆ ಅಂತ ಗಾಬರಿಯಾಗಬೇಕಿಲ್ಲ.

ಪ್ಲೇಸ್ಟೇಷನ್ 2 ಆನ್ ಮಾಡಿದಾಗ ಕತ್ತಲಲ್ಲಿ ಕಂಬಗಳ ಒಂದು ಊರು ಕಾಣುತ್ತಿತ್ತಲ್ಲ, ಅದನ್ನು ಬಿಡಿಸುವುದೂ ಬಯೋಸೇ. ಅದು ಸುಮ್ಮನೆ ಅಲಂಕಾರ ಅಲ್ಲ. ನೀವು ಆಡಿದ ಗೇಮುಗಳ ಲೆಕ್ಕ ಮೆಮೊರಿ ಕಾರ್ಡಿನಲ್ಲಿರುತ್ತದೆ. ಬಯೋಸ್ ಅದನ್ನು ಓದಿ ಕಂಬ ನಿಲ್ಲಿಸುತ್ತದೆ. ಜಾಸ್ತಿ ಆಡಿದ ಗೇಮಿನ ಕಂಬ ಜಾಸ್ತಿ ಎತ್ತರ. ಎಮ್ಯುಲೇಟರಿನಲ್ಲಿ ಬೇಗ ಶುರುವಾಗುವ ಆಯ್ಕೆ ಒತ್ತಿದರೆ ಈ ಭಾಗ ಹಾರಿಹೋಗುತ್ತದೆ. ನಾವು ಅದನ್ನು ಒತ್ತಲಿಲ್ಲ.

ಕಂಬಗಳು ಬಂದವು. ಹುಡುಗ ಒಂದೂ ಗೇಮ್ ಆಡಿರಲಿಲ್ಲ, ಅವೆಲ್ಲ ಅವರಪ್ಪನವು. ಯಾವುದು ಯಾವ ಗೇಮಿನದು ಅಂತ ಪರದೆ ಹೇಳುವುದಿಲ್ಲ. ಆದರೂ ಭಾವ ಚಹಾದ ಕಪ್ಪು ಕೆಳಗಿಟ್ಟು ಮುಂದೆ ಬಂದು, ಎಲ್ಲಕ್ಕಿಂತ ಎತ್ತರದ್ದರ ಮೇಲೆ ಬೆರಳಿಟ್ಟರು.

“ಇದು ಕ್ರಿಕೆಟ್‌ದ್ದು. ನಿಮ್ಮ ಕಾಕಾನೂ ನಾನೂ ದಿನಾ ರಾತ್ರಿ ಆಡ್ತಿದ್ವಿ.”